ಯುರೋಪಿನ ಮೋಟರ್‌ಹೋಮ್ ತಂಗುದಾಣಗಳು: ಎಷ್ಟು ದಿನ ಇರಬಹುದು, ಎಷ್ಟು ಕೊಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಜರ್ಮನಿಗೆ ಬಂದು ನೆಲೆಸಿ ಹದಿನಾಲ್ಕು ವರ್ಷವಾಯಿತು. ಅದರಲ್ಲಿ ಒಂಬತ್ತು ವರ್ಷಗಳಿಂದ ಆರು ಮೀಟರ್ ಉದ್ದದ ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ಒಂದು ನಮ್ಮ ಮನೆ ಮುಂದೆ ನಿಂತಿದೆ. ಬೇಸಿಗೆ ಹತ್ತಿರವಾದಂತೆ ಇಲ್ಲಿನ ಕನ್ನಡದ ಗೆಳೆಯರಿಂದ, ಊರಿನಿಂದ ಬರುವ ನೆಂಟರಿಂದ ಫೋನು ಶುರುವಾಗುತ್ತದೆ. ಗಾಡಿ ಎಷ್ಟು ಚೆನ್ನಾಗಿದೆ ಎಂದು ಯಾರೂ ಕೇಳುವುದಿಲ್ಲ. ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ತೆಗೆದುಕೊಳ್ಳುತ್ತಾರೆ, ಎಷ್ಟು ದಿನ ಬಿಡುತ್ತಾರೆ ಎಂಬ ಮೂರೇ ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ದರಗಳು ಊರಿಂದೂರಿಗೆ ಬೇರೆ, ವರ್ಷದಿಂದ ವರ್ಷಕ್ಕೂ ಬೇರೆ. ಆದ್ದರಿಂದ ಇಲ್ಲಿರುವ ಅಂಕಿಗಳನ್ನು ಅಂದಾಜಿಗೆ ಇಟ್ಟುಕೊಳ್ಳಿ.

ತಂಗುದಾಣ ಎಂದರೆ ಕ್ಯಾಂಪಿಂಗ್ ತಾಣವೇ ಅಲ್ಲವೇ?

ಅಲ್ಲ. ಮುಂದಿನ ಎಲ್ಲ ಗೊಂದಲದ ಬೇರು ಇಲ್ಲೇ ಇದೆ. ಕ್ಯಾಂಪಿಂಗ್ ತಾಣದಲ್ಲಿ ನೀವು ಬಿಡಾರ ಹೂಡುತ್ತೀರಿ: ಮೇಜು ಕುರ್ಚಿ ಹೊರಗೆ ಬರುತ್ತವೆ, ಗಾಡಿಯ ಪಕ್ಕದ ಚಪ್ಪರ ಬಿಚ್ಚಿಕೊಳ್ಳುತ್ತದೆ, ಸ್ನಾನದ ಮನೆ ಇರುತ್ತದೆ, ಮಕ್ಕಳಿಗೆ ಈಜುಕೊಳವೂ ಇರಬಹುದು. ತಂಗುದಾಣದಲ್ಲಿ ನೀವು ಗಾಡಿ ನಿಲ್ಲಿಸುತ್ತೀರಿ, ಒಳಗೆ ಮಲಗುತ್ತೀರಿ, ಹೊರಡುತ್ತೀರಿ. ಜರ್ಮನಿಯಲ್ಲಿ ಇದಕ್ಕೆ ಶ್ಟೆಲ್‌ಪ್ಲಾಟ್ಸ್ ಎನ್ನುತ್ತಾರೆ, ಫ್ರಾನ್ಸಿನಲ್ಲಿ ಏರ್ ದ ಕಾಂಪಿಂಗ್‌ಕಾರ್, ಇಟಲಿಯಲ್ಲಿ ಆರೆಯಾ ದಿ ಸೊಸ್ತಾ, ನೆದರ್ಲೆಂಡ್ಸಿನಲ್ಲಿ ಕಾಂಪರ್‌ಪ್ಲಾಟ್ಸ್. ಹೆಸರು ಏನೇ ಇರಲಿ, ನಿಮಗೆ ಸಿಗುವುದು ಬಿಳಿ ಗೆರೆ ಎಳೆದ ಒಂದು ಆಯತ. ಹೆಚ್ಚಿನ ಕಡೆ ನೀರು ತುಂಬಿಸಿಕೊಳ್ಳಲು ಒಂದು ನಲ್ಲಿ, ಬಳಸಿದ ನೀರು ಮತ್ತು ಶೌಚದ ಡಬ್ಬಿ ಖಾಲಿ ಮಾಡಲು ಒಂದು ಗುಂಡಿ ಇರುತ್ತವೆ. ಅದೃಷ್ಟವಿದ್ದರೆ ಕರೆಂಟಿನ ಕಂಬ. ಶೌಚಾಲಯ ಗಾಡಿಯೊಳಗೇ ಇರಬೇಕು ಎಂಬುದು ಅಲಿಖಿತ ನಿಯಮ. ಕೆಲವು ಕಡೆ ಅದು ಲಿಖಿತವೂ ಹೌದು.

ಒಂದು ಕಡೆ ಎಷ್ಟು ರಾತ್ರಿ ಇರಬಹುದು?

ಪುರಸಭೆ ನಡೆಸುವ ತಂಗುದಾಣವಾದರೆ ಒಂದರಿಂದ ಮೂರು ರಾತ್ರಿ. ಫ್ರಾನ್ಸಿನ ಫಲಕಗಳಲ್ಲಿ ಹೆಚ್ಚಾಗಿ 48 ಗಂಟೆ ಅಥವಾ 72 ಗಂಟೆ ಎಂದಿರುತ್ತದೆ. ಸ್ಪೇನಿನಲ್ಲೂ ಅವೇ ಅಂಕಿಗಳು. ಜರ್ಮನಿಯಲ್ಲಿ ‘ಗರಿಷ್ಠ 3 ದಿನ’ ಎಂಬುದು ಸಾಮಾನ್ಯ; ಊರಿನ ನಡುವಿನ ಸಣ್ಣ ಜಾಗಗಳಲ್ಲಿ ಒಂದೇ ರಾತ್ರಿ. ಖಾಸಗಿಯವರು, ಅಂದರೆ ದ್ರಾಕ್ಷಿ ಬೆಳೆಗಾರರು, ದೋಣಿ ಕ್ಲಬ್ಬುಗಳು, ಬಿಸಿನೀರಿನ ಸ್ನಾನಗೃಹಗಳ ಪಕ್ಕದ ದೊಡ್ಡ ತಾಣಗಳು ಮಿತಿಯನ್ನೇ ಹಾಕದಿರಬಹುದು. ಅಲ್ಲಿ ವಾರಗಟ್ಟಲೆ ನಿಂತ ನಿವೃತ್ತ ದಂಪತಿಗಳನ್ನು ನೋಡಿದ್ದೇನೆ, ಕಿಟಕಿಯಲ್ಲಿ ಹೂಕುಂಡವನ್ನೂ ಇಟ್ಟುಕೊಂಡಿದ್ದರು.

ಇಡೀ ಯುರೋಪಿಗೆ ಒಂದೇ ನಿಯಮ ಎಂಬುದು ಇಲ್ಲ, ಒಂದು ದೇಶಕ್ಕೆ ಒಂದೇ ನಿಯಮ ಎಂಬುದೂ ಇಲ್ಲ. ಫ್ರಾನ್ಸಿನಲ್ಲಿ ಮಿತಿಯನ್ನು ಹಾಕುವವರು ಆ ಊರಿನ ಮೇಯರ್. ಹತ್ತು ಕಿಲೋಮೀಟರ್ ಆಚೆ ಇನ್ನೊಬ್ಬ ಮೇಯರ್, ಇನ್ನೊಂದು ಲೆಕ್ಕ. ಹಾಗಾಗಿ ಪ್ರವೇಶದ ಫಲಕವೇ ಪ್ರಮಾಣ. ಮೊಬೈಲ್ ಆ್ಯಪ್‌ನಲ್ಲಿ ಇನ್ನೊಂದು ಇತ್ತು ಎಂದರೆ ಕಾವಲಿನವರು ಭುಜ ಹಾರಿಸುತ್ತಾರೆ, ಅಷ್ಟೇ.

ದುಡ್ಡು ಕೊಡುತ್ತೇವಲ್ಲ, ಮತ್ತೆ ಮಿತಿ ಯಾಕೆ?

ಭಾವ ಬಂದಿದ್ದಾಗ ಇದೇ ಪ್ರಶ್ನೆ ಕೇಳಿದರು, ಸ್ವಲ್ಪ ಬಿಸಿಯಾಗಿಯೇ. ಹನ್ನೆರಡು ಯೂರೊ ಕೊಟ್ಟವನಿಗೆ ಮೂರನೇ ದಿನ ಎದ್ದುಹೋಗು ಎನ್ನುವುದು ಯಾವ ನ್ಯಾಯ ಎಂದು.

ಮೊದಲನೆಯದು ಕಾನೂನಿನ ಮಾತು. ಕ್ಯಾಂಪಿಂಗ್ ತಾಣ ನಡೆಸಲು ಅನುಮತಿ ಬೇಕು, ಇಷ್ಟು ಜಾಗಕ್ಕೆ ಇಷ್ಟು ಶೌಚಾಲಯ, ಬೆಂಕಿ ನಂದಿಸಲು ಇಷ್ಟು ಅಂತರ ಎಂಬ ಕಟ್ಟಳೆಗಳಿವೆ. ತಂಗುದಾಣ ಇವುಗಳಿಂದ ತಪ್ಪಿಸಿಕೊಳ್ಳುವುದು ತಾನು ಬರೀ ವಾಹನ ನಿಲುಗಡೆ ಎಂದು ಹೇಳಿಕೊಂಡು. ಜನ ಅಲ್ಲಿ ಹದಿನೈದು ದಿನ ಉಳಿದರೆ ಆ ಮಾತು ನಿಲ್ಲುವುದಿಲ್ಲ. ಪಕ್ಕದ ಕ್ಯಾಂಪಿಂಗ್ ತಾಣದ ಮಾಲೀಕರು ಸುಮ್ಮನಿರುವುದೂ ಇಲ್ಲ. ನಮ್ಮ ಗಿರಾಕಿಗಳನ್ನು ಪುರಸಭೆಯೇ ಅಗ್ಗದ ಬೆಲೆಗೆ ಕಿತ್ತುಕೊಳ್ಳುತ್ತಿದೆ ಎಂದು ತಕರಾರು ತೆಗೆಯುತ್ತಾರೆ.

ಎರಡನೆಯದು ವ್ಯಾಪಾರ. ಊರು ಈ ಜಾಗ ಮಾಡಿರುವುದು ನಿಮ್ಮ ಹನ್ನೆರಡು ಯೂರೊಗಾಗಿ ಅಲ್ಲ. ಹೊಸದಾಗಿ ಬಂದವನು ಮೊದಲ ಸಂಜೆ ಹೋಟೆಲಿಗೆ ಹೋಗುತ್ತಾನೆ, ಬೆಳಿಗ್ಗೆ ಬೇಕರಿಗೆ ಹೋಗುತ್ತಾನೆ, ಕೋಟೆ ನೋಡಲು ಟಿಕೆಟ್ ಕೊಳ್ಳುತ್ತಾನೆ. ನಾಲ್ಕನೇ ದಿನಕ್ಕೆ ಅವನು ಗಾಡಿಯಲ್ಲೇ ಉಪ್ಪಿಟ್ಟು ಮಾಡಿಕೊಳ್ಳುತ್ತಾನೆ. ಊರಿನ ದೃಷ್ಟಿಯಲ್ಲಿ ಅವನ ಕೆಲಸ ಮುಗಿಯಿತು. ಜೊತೆಗೆ, ಮಿತಿ ಇಲ್ಲದಿದ್ದರೆ ಮನೆ ಬಾಡಿಗೆ ಕೊಡಲಾಗದೆ ವಾಹನದಲ್ಲೇ ಬದುಕುವವರು ಅಲ್ಲಿ ನೆಲೆಯೂರುತ್ತಾರೆ ಎಂಬ ಭಯವೂ ಪುರಸಭೆಗಳಿಗೆ ಇದೆ. ಇದನ್ನು ಯಾರೂ ಫಲಕದಲ್ಲಿ ಬರೆಯುವುದಿಲ್ಲ.

ನನಗೆ ಈ ಮಿತಿ ಸರಿಯೆಂದೇ ಕಾಣುತ್ತದೆ. ಸಂಜೆ ಐದಕ್ಕೆ ಜರ್ಮನಿಯ ಮೊಸೆಲ್ ನದಿಯ ದಡದ ಊರಿಗೆ ಬಂದಾಗ ಒಂದು ಜಾಗ ಖಾಲಿ ಇರುತ್ತದೆಂದರೆ, ಬೆಳಿಗ್ಗೆ ಯಾರನ್ನೋ ಈ ಮಿತಿ ಎಬ್ಬಿಸಿ ಕಳಿಸಿದೆ.

24 ಗಂಟೆ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ?

ಮೂರು ಬಗೆಯ ಲೆಕ್ಕಗಳಿವೆ, ಮೂರೂ ಒಂದೇ ರಸ್ತೆಯಲ್ಲಿ ಸಿಗಬಹುದು.

ಟಿಕೆಟ್ ತೆಗೆದ ಗಳಿಗೆಯಿಂದ 24 ಗಂಟೆ ಎಣಿಸುವುದು ಒಂದು. ಮಧ್ಯಾಹ್ನ ಮೂರಕ್ಕೆ ಬಂದರೆ ಮರುದಿನ ಮೂರರವರೆಗೆ ನಿಮ್ಮದು. ತಡೆಗಂಬ ಇರುವ ಫ್ರೆಂಚ್ ತಂಗುದಾಣಗಳಲ್ಲಿ ಹೆಚ್ಚಾಗಿ ಇದೇ ಪದ್ಧತಿ. ಪ್ರವೇಶದ ಯಂತ್ರ ಸಮಯ ಬರೆದುಕೊಳ್ಳುತ್ತದೆ, ಮೀರಿ ಹೊರಟರೆ ಹೆಚ್ಚುವರಿ ಕಟ್ಟುವವರೆಗೆ ಕಂಬ ಏಳುವುದಿಲ್ಲ.

ಎರಡನೆಯದು ರಾತ್ರಿಯ ಲೆಕ್ಕ. ಎಷ್ಟು ಹೊತ್ತಿಗಾದರೂ ಬನ್ನಿ, ಮರುದಿನ ಹನ್ನೊಂದಕ್ಕೋ ಹನ್ನೆರಡಕ್ಕೋ ಜಾಗ ಬಿಡಿ. ರಾತ್ರಿ ಒಂಬತ್ತಕ್ಕೆ ಬಂದವನಿಗೂ ಅದೇ ದರ.

ಮೂರನೆಯದು ಪಂಚಾಂಗದ ದಿನ. ಇದು ಅಪರೂಪ, ಆದರೆ ಜೇಬಿಗೆ ಕತ್ತರಿ. ಟಿಕೆಟ್ ಆ ತಾರೀಖಿಗೆ ಮಾತ್ರ. ಸಂಜೆ ಬಂದು ಬೆಳಿಗ್ಗೆ ಹೊರಟರೂ ಎರಡು ದಿನದ ಹಣ. ಒಮ್ಮೆ ರಾತ್ರಿ ಹತ್ತಕ್ಕೆ ಬಂದು, ಟಿಕೆಟ್ ತೆಗೆದು ಮುಂದಿನ ಗಾಜಿಗೆ ಅಂಟಿಸಿ ಮಲಗಿದ್ದೆ. ಬೆಳಿಗ್ಗೆ ಒರೆಸುವ ಕಡ್ಡಿಯ ಕೆಳಗೆ ಚೀಟಿ. ನನ್ನ ಟಿಕೆಟ್ಟಿಗೆ ಎರಡು ಗಂಟೆಯ ಆಯುಷ್ಯವಷ್ಟೇ ಇತ್ತು. ಅದಾದ ಮೇಲೆ ಯಂತ್ರದ ಮೇಲಿನ ಸಣ್ಣ ಅಕ್ಷರವನ್ನು ಟಾರ್ಚ್ ಹಿಡಿದು ಓದುತ್ತೇನೆ.

ಮಿತಿ ಮುಗಿದ ಮೇಲೆ ಒಂದು ಸುತ್ತು ಹೊರಗೆ ಹೋಗಿ ಮತ್ತೆ ಬರಬಹುದೇ?

ಈ ಉಪಾಯ ನಿಮಗಿಂತ ಮೊದಲು ಬಹಳ ಜನಕ್ಕೆ ಹೊಳೆದಿದೆ. ಆದ್ದರಿಂದಲೇ ಕೆಲವು ಊರುಗಳು ‘ಹೊರಟ ಮೇಲೆ ಇಷ್ಟು ಗಂಟೆ ಮರಳುವಂತಿಲ್ಲ’ ಎಂದು ಬರೆದಿವೆ, ನಂಬರ್ ಪ್ಲೇಟನ್ನೂ ದಾಖಲಿಸುತ್ತವೆ. ಇನ್ನೊಂದು ದಿನದ ಹಣ ಹಾಕಿದರೆ ಮಿತಿ ತಾನಾಗಿ ಬೆಳೆಯುವುದೂ ಇಲ್ಲ. ಯಂತ್ರ ಹಣ ನುಂಗುತ್ತದೆ, ನಿಯಮ ಹಾಗೇ ಇರುತ್ತದೆ. ನವೆಂಬರಿನ ಮಳೆಯಲ್ಲಿ ಜಾಗ ಅರ್ಧ ಖಾಲಿ ಇದ್ದಾಗ ಪ್ರವಾಸಿ ಕಚೇರಿಯಲ್ಲಿ ಒಂದು ಮಾತು ಕೇಳಿ. ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಒಪ್ಪಿದರು. ಆಗಸ್ಟಿನಲ್ಲಿ ಕೇಳುವ ಧೈರ್ಯ ಮಾಡಿಲ್ಲ.

ಒಂದು ರಾತ್ರಿಗೆ ಎಷ್ಟಾಗುತ್ತದೆ?

ಪುಕ್ಕಟೆಯಿಂದ 25 ಯೂರೊವರೆಗೆ. ಒಂದು ಯೂರೊಗೆ ಸುಮಾರು ನೂರು ರೂಪಾಯಿ ಎಂದುಕೊಂಡರೆ ಊರಿನವರಿಗೆ ಲೆಕ್ಕ ಸುಲಭ. ಜರ್ಮನಿಯ ಸಾಮಾನ್ಯ ತಂಗುದಾಣ 8ರಿಂದ 18 ಯೂರೊ. ಫ್ರಾನ್ಸಿನ ಒಳನಾಡಿನ ಹಳ್ಳಿಗಳಲ್ಲಿ ಈಗಲೂ ಪುಕ್ಕಟೆ ಜಾಗಗಳಿವೆ, ಕರಾವಳಿಗೆ ಬಂದರೆ 10ರಿಂದ 18. ದೊಡ್ಡ ಪಟ್ಟಣದ ಅಂಚಿನಲ್ಲಿ, ಸರೋವರದ ದಡದಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ಏರುತ್ತದೆ. ಅದೇ ಬೇಸಿಗೆಯಲ್ಲಿ ಒಳ್ಳೆಯ ಕ್ಯಾಂಪಿಂಗ್ ತಾಣಕ್ಕೆ ಇಬ್ಬರಿಗೆ 35ರಿಂದ 60 ಯೂರೊ ಹಿಡಿಯಿರಿ.

ಕೊರೊನಾ ನಂತರದ ವರ್ಷಗಳಲ್ಲಿ ಮೋಟರ್‌ಹೋಮ್ ಕೊಂಡವರು ಬಹಳ. ಪುಕ್ಕಟೆ ಇದ್ದ ಎಷ್ಟೋ ಜಾಗಗಳಿಗೆ ತಡೆಗಂಬ ಬಂತು, ಐದು ಯೂರೊ ಇದ್ದದ್ದು ಹನ್ನೆರಡಾಯಿತು. ಹಳೆಯ ಪ್ರವಾಸಿಗರು ಇದನ್ನೇ ಸಂಜೆಯಿಡೀ ಗೊಣಗುತ್ತಾರೆ, ನಾನೂ ಆ ಗುಂಪಿಗೆ ಸೇರುತ್ತಿದ್ದೇನೆ.

ಋತುವಿಗೆ ತಕ್ಕಂತೆ ದರ ಬದಲಾಗುವುದೂ ಸಾಮಾನ್ಯ. ಫ್ರಾನ್ಸಿನಲ್ಲಿ ಕಾಂಪಿಂಗ್‌ಕಾರ್ ಪಾರ್ಕ್ ಎಂಬ ಜಾಲವಿದೆ. ಪುರಸಭೆಗಳು ಮುಚ್ಚಬೇಕಾಗಿದ್ದ ಹಳೆಯ ಕ್ಯಾಂಪಿಂಗ್ ತಾಣಗಳನ್ನು ಅದು ತಂಗುದಾಣವಾಗಿ ನಡೆಸುತ್ತದೆ. ಒಮ್ಮೆ ಕೆಲವೇ ಯೂರೊ ಕೊಟ್ಟು ಕಾರ್ಡ್ ಮಾಡಿಸಿಕೊಂಡು ಹಣ ತುಂಬಿಸಿಟ್ಟರೆ ಎಲ್ಲ ಊರಿನಲ್ಲೂ ಕಂಬ ಏಳುತ್ತದೆ. ನೀರು, ಕರೆಂಟು ಹೆಚ್ಚಿನ ಕಡೆ ದರದಲ್ಲೇ ಸೇರಿರುತ್ತವೆ. ಮರಗಳ ನೆರಳು, ಹುಲ್ಲು, ಬೇಲಿ ಎಲ್ಲ ಹಳೆಯ ಕಾಲದ್ದೇ ಉಳಿದಿರುವುದರಿಂದ ನನಗೆ ಇವು ಇಷ್ಟ.

ಫಲಕದಲ್ಲಿ ಬರೆದ ದರದಲ್ಲಿ ನೀರು, ಕರೆಂಟು ಸೇರಿದೆಯೇ?

ಹೆಚ್ಚಿನ ಕಡೆ ಇಲ್ಲ. ಜರ್ಮನಿಯಲ್ಲಿ ನೀರಿನ ಕಂಬಕ್ಕೆ ಒಂದು ಯೂರೊ ನಾಣ್ಯ ಹಾಕಿದರೆ 80ರಿಂದ 100 ಲೀಟರ್ ಬರುತ್ತದೆ. ನಾಣ್ಯ ಬಿದ್ದ ಕೂಡಲೇ ನೀರು ಹರಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಿಟ್ಟುಕೊಳ್ಳಲು ಬರುವುದಿಲ್ಲ. ಆದ್ದರಿಂದ ಕೊಳವೆಯನ್ನು ಟ್ಯಾಂಕಿಗೆ ಸಿಕ್ಕಿಸಿ, ಒಬ್ಬರು ಅಲ್ಲಿ ಹಿಡಿದು ನಿಂತ ಮೇಲೆಯೇ ನಾಣ್ಯ ಹಾಕಬೇಕು. ನಮ್ಮ ಮೊದಲ ಪ್ರವಾಸದಲ್ಲಿ ನಾನು ನಾಣ್ಯ ಹಾಕಿ ಕೊಳವೆ ಹುಡುಕಲು ಹೋದೆ. ನೂರು ಲೀಟರ್ ನೀರು ಮೋರಿಗೆ ಹೋಯಿತು, ನನ್ನ ಹೆಂಡತಿ ಇಂದಿಗೂ ಅದನ್ನು ಲೆಕ್ಕದಲ್ಲಿ ಇಟ್ಟಿದ್ದಾಳೆ.

ಫ್ರಾನ್ಸಿನ ಹಳೆಯ ಕಂಬಗಳಿಗೆ ನಾಣ್ಯ ಆಗುವುದಿಲ್ಲ, ಜತೋಂ ಎಂಬ ಬಿಲ್ಲೆ ಬೇಕು. ಎರಡು ಮೂರು ಯೂರೊಗೆ ಒಂದು. ಹತ್ತು ನಿಮಿಷ ನೀರು ಅಥವಾ 55 ನಿಮಿಷ ಕರೆಂಟು ಎಂಬುದು ಅವುಗಳ ಸಾಮಾನ್ಯ ಲೆಕ್ಕ. ಬಿಲ್ಲೆ ಸಿಗುವುದು ಹೆಚ್ಚಾಗಿ ಬೇಕರಿಯಲ್ಲಿ ಅಥವಾ ತಂಬಾಕಿನ ಅಂಗಡಿಯಲ್ಲಿ. ಸೋಮವಾರ ಫ್ರಾನ್ಸಿನ ಹಳ್ಳಿಯಲ್ಲಿ ಎರಡೂ ಮುಚ್ಚಿರಬಹುದು. ಭಾನುವಾರ ಬೆಳಿಗ್ಗೆಯೇ ಎರಡು ಬಿಲ್ಲೆ ಕೊಂಡಿಡಿ.

ಕರೆಂಟಿಗೆ ಯೂನಿಟ್ ಲೆಕ್ಕವಾದರೆ 50ರಿಂದ 80 ಸೆಂಟ್, ಇಲ್ಲವೇ ದಿನಕ್ಕೆ ಮೂರು ನಾಲ್ಕು ಯೂರೊ ಗುತ್ತಿಗೆ. ಬೆಲೆಗಿಂತ ಮುಖ್ಯವಾದದ್ದು ಎಷ್ಟು ಆಂಪಿಯರ್ ಎಂಬುದು. ಕಂಬದ ಮೇಲೆ 6 ಆಂಪಿಯರ್ ಎಂದಿದ್ದರೆ 230 ವೋಲ್ಟಿನಲ್ಲಿ ನಿಮಗೆ ಸಿಗುವುದು 1,380 ವ್ಯಾಟ್. ನೀರು ಕಾಯಿಸುವ ಕೆಟಲ್ಲಿಗೇ 2,000 ಬೇಕು. ಸ್ವಲ್ಪ ಹೊತ್ತಿನಲ್ಲೇ ಫ್ಯೂಸ್ ಹಾರುತ್ತದೆ, ಪೆಟ್ಟಿಗೆಗೆ ಬೀಗ ಇದ್ದರೆ ಬೆಳಿಗ್ಗೆ ಪುರಸಭೆಯವರು ಬರುವವರೆಗೆ ಕತ್ತಲು. ಕೆಲವೊಮ್ಮೆ ನಿಮ್ಮ ಜೊತೆ ಪಕ್ಕದವರಿಗೂ. ಮಿಕ್ಸಿ ಓಡುತ್ತದೆ, ಸಣ್ಣ ರೈಸ್ ಕುಕ್ಕರ್ ಓಡುತ್ತದೆ, ಇಂಡಕ್ಷನ್ ಒಲೆಯನ್ನು ಪೂರ್ತಿ ಉರಿಗೆ ಇಡಬೇಡಿ. ಅಡುಗೆಗೆ ಗಾಡಿಯ ಗ್ಯಾಸೇ ಸರಿ.

ಪ್ರವಾಸಿ ತೆರಿಗೆ ಎಂದು ಮತ್ತೆ ಕೇಳುತ್ತಾರಲ್ಲ?

ಕೇಳುತ್ತಾರೆ, ಅದು ಮೋಸವಲ್ಲ. ಜಾಗದ ದರ ಗಾಡಿಗೆ, ಈ ತೆರಿಗೆ ತಲೆಗೆ. ಫ್ರಾನ್ಸಿನಲ್ಲಿ ತಂಗುದಾಣಕ್ಕೆ ತಲೆಗೆ 20ರಿಂದ 60 ಸೆಂಟ್ ಆಸುಪಾಸು, ಮೇಲೆ ಜಿಲ್ಲೆಯ ಸಣ್ಣ ಪಾಲು. ಅಲ್ಲಿನ ಕಾನೂನು ಇದನ್ನೂ ರಾತ್ರಿ ಎನ್ನದೆ ‘24 ಗಂಟೆಯ ತುಂಡು’ ಎಂದೇ ಎಣಿಸುತ್ತದೆ. 18 ತುಂಬದವರಿಗೆ ಇಲ್ಲ. ಜರ್ಮನಿಯಲ್ಲಿ ಜನ ಆರೋಗ್ಯಕ್ಕೆಂದು ಹೋಗುವ ಬಿಸಿನೀರಿನ ಸ್ನಾನದ ಊರುಗಳಲ್ಲಿ ಇದಕ್ಕೆ ಕೂರ್‌ಟಾಕ್ಸೆ ಎನ್ನುತ್ತಾರೆ. ಅದು ತಲೆಗೆ ಎರಡು ಮೂರು ಯೂರೊವರೆಗೆ ಹೋಗುತ್ತದೆ. ನಾಲ್ವರ ಕುಟುಂಬಕ್ಕೆ ಹತ್ತು ಯೂರೊ ಜಾಗ ಹದಿನೆಂಟಾಗುವುದು ಹೀಗೆ. ಆದರೆ ಕಟ್ಟಿದ ಮೇಲೆ ಅತಿಥಿ ಕಾರ್ಡ್ ಕೇಳಿ ಪಡೆಯಿರಿ. ದಕ್ಷಿಣ ಜರ್ಮನಿಯ ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ಹಲವು ಊರುಗಳಲ್ಲಿ ಆ ಕಾರ್ಡಿನಲ್ಲಿ ಸ್ಥಳೀಯ ಬಸ್ಸು, ರೈಲು ಪುಕ್ಕಟೆ. ಗಾಡಿ ಅಲ್ಲೇ ಬಿಟ್ಟು ದಿನವಿಡೀ ಸುತ್ತಿದರೆ ತೆರಿಗೆಯ ಎರಡರಷ್ಟು ಮರಳಿ ಬಂತು ಎನ್ನಿ.

ಹಣ ಕಟ್ಟುವುದು ಹೇಗೆ? ಕಾರ್ಡ್ ನಡೆಯುತ್ತದೆಯೇ?

ಫ್ರಾನ್ಸಿನಲ್ಲಿ ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಜರ್ಮನಿಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. ‘ಈ ಯಂತ್ರ ಚಿಲ್ಲರೆ ಹಿಂದಿರುಗಿಸುವುದಿಲ್ಲ’ ಎಂದು ಬರೆದ ಯಂತ್ರದ ಮುಂದೆ, ಕೈಯಲ್ಲಿ ಐವತ್ತರ ನೋಟು ಹಿಡಿದು, ಕತ್ತಲಾದ ಮೇಲೆ ನಿಂತವರಿಗೆ ನಾಣ್ಯದ ಬೆಲೆ ಗೊತ್ತು. ಅಜ್ಜಿಯ ಎಲೆ ಅಡಿಕೆಯ ಡಬ್ಬಿಯೊಂದು ನನ್ನ ಬಳಿ ಇತ್ತು. ಈಗ ಅದರಲ್ಲಿ ಒಂದು ಯೂರೊ ಮತ್ತು ಐವತ್ತು ಸೆಂಟ್ ನಾಣ್ಯಗಳಷ್ಟೇ ಇರುತ್ತವೆ, ಚಾಲಕನ ಸೀಟಿನ ಕೆಳಗೆ. ಸುಣ್ಣದ ಗೂಡಿನಲ್ಲಿ ಫ್ರೆಂಚ್ ಬಿಲ್ಲೆಗಳು.

ದ್ರಾಕ್ಷಿ ತೋಟದ ಮನೆಗಳಲ್ಲಿ ಯಂತ್ರವೇ ಇಲ್ಲ. ಸಂಜೆ ಏಳರ ಹೊತ್ತಿಗೆ ಮನೆಯ ಯಜಮಾನಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಬಂದು ಗಾಡಿಗಳ ಬಾಗಿಲು ತಟ್ಟುತ್ತಾರೆ. ನಾಳೆಗೆ ಎಷ್ಟು ಬ್ರೆಡ್ ಬೇಕೆಂದೂ ಬರೆದುಕೊಳ್ಳುತ್ತಾರೆ.

ದೊಡ್ಡ ಗಾಡಿಗೆ ಹೆಚ್ಚು ದರವೇ? ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್ ತರಬಹುದೇ?

ಕೆಲವು ಕಡೆ ಎಂಟು ಮೀಟರ್ ದಾಟಿದರೆ ಹೆಚ್ಚು, ಎರಡು ಆಯತ ಹಿಡಿದರೆ ಎರಡು ದರ. ಎಳೆಯುವ ಕ್ಯಾರವಾನಿಗೆ ಬಹುಪಾಲು ತಂಗುದಾಣಗಳಲ್ಲಿ ಪ್ರವೇಶವಿಲ್ಲ, ಅದಕ್ಕೆ ಕ್ಯಾಂಪಿಂಗ್ ತಾಣವೇ ಗತಿ.

ಪೂರ್ತಿ ಪುಕ್ಕಟೆ ಜಾಗ ಇದೆಯೇ?

ಇದೆ. ಫ್ರಾನ್ಸಿನಲ್ಲಿ 1993ರಿಂದ ಫ್ರಾನ್ಸ್ ಪಾಸಿಯೋಂ ಎಂಬ ಏರ್ಪಾಡು ನಡೆಯುತ್ತಿದೆ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕೊಟ್ಟರೆ ಗಾಜಿಗೆ ಅಂಟಿಸುವ ಚೀಟಿ ಬರುತ್ತದೆ. ದ್ರಾಕ್ಷಿ ಬೆಳೆಗಾರರು, ಚೀಸ್ ಮಾಡುವವರು, ಜೇನು ಸಾಕುವವರು ತಮ್ಮ ಅಂಗಳದಲ್ಲಿ 24 ಗಂಟೆ ನಿಲ್ಲಲು ಬಿಡುತ್ತಾರೆ, ಬಾಡಿಗೆ ಇಲ್ಲ. ಜರ್ಮನಿಯಲ್ಲಿ ಲಾಂಡ್‌ಫೆರ್‌ಗ್ನ್ಯೂಗನ್ ಇದೇ ಮಾದರಿಯದು, ಅಲ್ಲೂ 24 ಗಂಟೆ. ಏನನ್ನೂ ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಆದರೆ ಹೋದಾಗ ನಮಸ್ಕಾರ, ಹೊರಡುವಾಗ ಹೋಗಿಬರುತ್ತೇವೆ ಎಂಬ ಮಾತು ಕಡ್ಡಾಯ. ಅಂಗಳದಲ್ಲಿ ಮಲಗಿ ಎದ್ದು ಒಂದು ಬಾಟಲಿ ಹಣ್ಣಿನ ರಸವನ್ನೂ ಕೊಳ್ಳದೆ ಹೊರಡಲು ನಮ್ಮಿಂದ ಆಗುವುದಿಲ್ಲ, ಹಾಗಾಗಿ ಪುಕ್ಕಟೆ ರಾತ್ರಿಗೆ ನಾವು ಹದಿನೈದು ಯೂರೊ ಕೊಡುತ್ತೇವೆ. ಯುರೋಪಿನಲ್ಲಿ ನಾವು ಕಳೆದ ಅತ್ಯುತ್ತಮ ರಾತ್ರಿಗಳು ಈ ಅಂಗಳಗಳಲ್ಲೇ.

ತಂಗುದಾಣವೇ ಬೇಡ, ರಸ್ತೆ ಬದಿಯಲ್ಲಿ ನಿಲ್ಲಿಸಿ ಮಲಗಿದರೆ?

ದೇಶ ನೋಡಿ ಉತ್ತರ.

ಜರ್ಮನಿಯಲ್ಲಿ, ನಿಲುಗಡೆಗೆ ಅವಕಾಶವಿರುವ ಕಡೆ, ವಾಹನ ಓಡಿಸುವ ಶಕ್ತಿ ಮರಳಿ ಪಡೆಯಲು ಒಂದು ರಾತ್ರಿ ಮಲಗಬಹುದು. ಕಾನೂನಿನ ಭಾಷೆಯೇ ಹಾಗಿದೆ: ನಿದ್ದೆ ವಿಹಾರವಲ್ಲ, ಸುರಕ್ಷತೆಯ ಕೆಲಸ. ಕುರ್ಚಿ ಹೊರಗಿಟ್ಟರೆ ಅದೇ ಗಳಿಗೆಯಲ್ಲಿ ನೀವು ದಣಿದ ಚಾಲಕನ ಪಟ್ಟ ಕಳೆದುಕೊಂಡು ಬಿಡಾರ ಹೂಡಿದವರಾಗುತ್ತೀರಿ.

ಇಟಲಿಯ ರಸ್ತೆ ಸಂಹಿತೆಯ 185ನೇ ವಿಧಿ ನನಗೆ ಬಹಳ ಪ್ರಿಯ, ಅಷ್ಟು ಚೊಕ್ಕ. ವಾಹನ ಚಕ್ರಗಳಿಂದಲ್ಲದೆ ಬೇರೆ ಯಾವುದರಿಂದಲೂ ನೆಲ ಮುಟ್ಟಬಾರದು. ಎಂಜಿನ್ನಿನ ಹೊಗೆ ಬಿಟ್ಟರೆ ಏನನ್ನೂ ಹೊರಸೂಸಬಾರದು. ತನ್ನ ಅಳತೆಗಿಂತ ಹೆಚ್ಚು ರಸ್ತೆ ಹಿಡಿಯಬಾರದು. ಹಾಗಿದ್ದರೆ ಅದು ನಿಲುಗಡೆ, ಬಿಡಾರವಲ್ಲ. ಹೊರಕ್ಕೆ ತೆರೆದುಕೊಳ್ಳುವ ಕಿಟಕಿ ಅಳತೆ ಮೀರುತ್ತದೆಯೇ, ಸಮತಟ್ಟಿಗೆಂದು ಚಕ್ರದ ಕೆಳಗಿಟ್ಟ ತುಂಡು ನೆಲ ಮುಟ್ಟಿದಂತೆಯೇ ಎಂದು ಜನ ಗಂಟೆಗಟ್ಟಲೆ ವಾದಿಸುತ್ತಾರೆ. ಅದೇ ವಿಧಿಯ ಇನ್ನೊಂದು ಸಾಲು ದರದ್ದು: ಹಣ ಕೊಡಬೇಕಾದ ನಿಲುಗಡೆಯಲ್ಲಿ ಮೋಟರ್‌ಹೋಮಿಗೆ ಕಾರಿಗಿಂತ ಶೇ. 50 ಹೆಚ್ಚು.

ಸ್ಪೇನಿನ ಸಂಚಾರ ಇಲಾಖೆಯದೂ ಇದೇ ಬಗೆಯ ವ್ಯಾಖ್ಯೆ. ಪೋರ್ಚುಗಲ್ 2021ರ ಆರಂಭದಲ್ಲಿ ತಂಗುದಾಣದ ಹೊರಗೆ ಮಲಗುವುದನ್ನೇ ನಿಷೇಧಿಸಿತು, ಗದ್ದಲವಾಗಿ ಅದೇ ವರ್ಷ ಆಗಸ್ಟಿನಲ್ಲಿ ಸಡಿಲಿಸಿತು. ಈಗ ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಗರಿಷ್ಠ 48 ಗಂಟೆ; ಸಂರಕ್ಷಿತ ನಿಸರ್ಗ ವಲಯ ಮತ್ತು ಸಮುದ್ರ ತೀರದ ಪಟ್ಟಿಯಲ್ಲಿ ಅದೂ ಇಲ್ಲ. ಕ್ರೊಯೇಷಿಯಾದಲ್ಲಿ ಪ್ರಯತ್ನವನ್ನೇ ಮಾಡಬೇಡಿ, ದಂಡ ಹಾಕುತ್ತಾರೆ. ಸ್ವೀಡನ್, ನಾರ್ವೆಯ ‘ಎಲ್ಲರ ಹಕ್ಕು’ ಡೇರೆ ಹೊತ್ತು ನಡೆಯುವವರಿಗೆ, ಗಾಡಿಗೆ ಅಲ್ಲ.

ಫ್ರಾನ್ಸಿನಲ್ಲಿ ಒಂದೇ ಜಾಗದಲ್ಲಿ ಏಳು ದಿನ ಮೀರಿ ನಿಂತರೆ ಅದು ದುರುಪಯೋಗದ ನಿಲುಗಡೆ, 35 ಯೂರೊ ದಂಡ, ಗಾಡಿ ಎಳೆದೊಯ್ಯಲೂಬಹುದು. ಮೇಯರ್ ಇದಕ್ಕಿಂತ ಬಿಗಿ ಮಾಡಬಹುದು. ಕಡಲ ಬದಿಯಲ್ಲಿ ಅವರ ಅಸ್ತ್ರ ಫಲಕವಲ್ಲ, ಎರಡು ಮೀಟರ್ ಎತ್ತರಕ್ಕೆ ಅಡ್ಡಲಾಗಿ ಹಾಕಿದ ಕಬ್ಬಿಣದ ತೊಲೆ. ಬಾಡಿಗೆ ಗಾಡಿ ಓಡಿಸುವವರು ತಮ್ಮ ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿಕೊಳ್ಳಿ.

ಹೆದ್ದಾರಿಯ ವಿಶ್ರಾಂತಿ ಜಾಗಗಳಲ್ಲಿ?

ಫ್ರೆಂಚಿನಲ್ಲಿ ಅದಕ್ಕೂ ಏರ್ ಎಂದೇ ಹೆಸರು, ಹೊಸಬರು ಎಡವುವುದು ಇಲ್ಲಿ. ಪುಕ್ಕಟೆ ನಿಜ. ಲಾರಿಗಳ ಶೀತಕ ಯಂತ್ರ ರಾತ್ರಿಯಿಡೀ ಗುಯ್‌ಗುಡುತ್ತದೆ, ಮಲಗಿದ್ದಾಗಲೇ ಕಳವಾದ ಕತೆಗಳೂ ಬಹಳ. ಹೆದ್ದಾರಿ ಬಿಟ್ಟು ಐದು ಕಿಲೋಮೀಟರ್ ಒಳಗೆ ಹೋಗಿ.

ಮೊದಲೇ ಕಾಯ್ದಿರಿಸಬಹುದೇ?

ಸಾಮಾನ್ಯವಾಗಿ ಇಲ್ಲ, ಮೊದಲು ಬಂದವರಿಗೆ ಜಾಗ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರೊಳಗೆ ತಲುಪಿ. ಆಗಸ್ಟ್ 15ರ ಆಸುಪಾಸು ಇಟಲಿಯ ಕರಾವಳಿ, ಜುಲೈ ಆಗಸ್ಟಿನಲ್ಲಿ ಫ್ರಾನ್ಸಿನ ಕರಾವಳಿ, ಮೇ ಜೂನಿನ ಕ್ರೈಸ್ತ ಹಬ್ಬಗಳ ದೀರ್ಘ ವಾರಾಂತ್ಯದಲ್ಲಿ ಮೊಸೆಲ್ ಕಣಿವೆ ತುಂಬಿ ತುಳುಕುತ್ತವೆ. ಪಾರ್ಕ್‌ಫಾರ್‌ನೈಟ್, ಕಾಂಪರ್‌ಕಾಂಟ್ಯಾಕ್ಟ್ ಆ್ಯಪ್‌ಗಳಲ್ಲಿ ಹತ್ತಿರದ ಇನ್ನೂ ಎರಡು ಜಾಗ ನೋಡಿಟ್ಟುಕೊಂಡೇ ಹೊರಡಿ.

ಚಳಿಗಾಲದಲ್ಲಿ?

ಜಾಗ ತೆರೆದಿರಬಹುದು, ನೀರು ಇರುವುದಿಲ್ಲ. ಕೊಳವೆ ಒಡೆಯಬಾರದೆಂದು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಮುಚ್ಚುತ್ತಾರೆ. ನದಿ ದಡದ ತಾಣಗಳು ಪ್ರವಾಹದಲ್ಲಿ ಮುಳುಗುತ್ತವೆ. ಮೊಸೆಲ್, ರೈನ್ ದಡದಲ್ಲಿ ಮಳೆ ಜೋರಿದ್ದರೆ ಮೇಲಿನ ಜಾಗ ಹಿಡಿಯಿರಿ. ಕ್ರಿಸ್‌ಮಸ್ ಸಂತೆಯ ಊರುಗಳಲ್ಲಿ ಮಾತ್ರ ಡಿಸೆಂಬರ್ ದರ ಬೇಸಿಗೆಯದನ್ನೇ ನಾಚಿಸುತ್ತದೆ.

ನಮ್ಮ ಅಡುಗೆ ಮಾಡಿಕೊಳ್ಳಬಹುದೇ?

ಗಾಡಿಯೊಳಗೆ ಧಾರಾಳವಾಗಿ. ಹೊರಗೆ ಒಲೆ ಇಟ್ಟರೆ ಬಿಡಾರವಾಯಿತು. ಒಗ್ಗರಣೆಯ ಘಾಟು ಪಕ್ಕದ ಗಾಡಿಗೆ ಎರಡೇ ಮೀಟರ್ ದೂರ ಎಂಬುದು ನೆನಪಿರಲಿ. ಒಮ್ಮೆ ರಾತ್ರಿ ಒಂಬತ್ತಕ್ಕೆ ನಮ್ಮ ಕುಕ್ಕರ್ ಮೊದಲ ಸಲ ಕೂಗಿದಾಗ ಪಕ್ಕದ ಡಚ್ ಮುದುಕರು ಗ್ಯಾಸ್ ಸೋರುತ್ತಿದೆಯೆಂದು ಚಪ್ಪಲಿ ಇಲ್ಲದೆ ಓಡಿಬಂದರು. ಮುಚ್ಚಳ ತೆಗೆದು ಅನ್ನ ತೋರಿಸಿ, ಸಾರಿನ ಜೊತೆ ಒಂದು ತಟ್ಟೆ ಕೊಟ್ಟು ಕಳಿಸಿದೆವು. ಈಗ ಸಂಜೆ ಏಳರೊಳಗೆ ಕೂಗಿಸಿಬಿಡುತ್ತೇವೆ.

ಊರಿನಿಂದ ಬರುವವರು ಗಾಡಿ ಬಾಡಿಗೆಗೆ ಪಡೆದು ಹೀಗೆ ಸುತ್ತಬಹುದೇ?

ಸುತ್ತಬಹುದು. ಇಲ್ಲಿ ಎರಡು ಮಿತಿಗಳನ್ನು ಬೆರೆಸಬೇಡಿ. ತಂಗುದಾಣದ 48 ಗಂಟೆ ಆ ಆಯತಕ್ಕೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಲೆಕ್ಕ, ಯಾವುದೇ 180 ದಿನಗಳಲ್ಲಿ 90 ದಿನ, ಇಡೀ ವಲಯಕ್ಕೆ. ವೀಸಾದಲ್ಲಿ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ.

ತೊಡಕು ಬರುವುದು ವೀಸಾ ಅರ್ಜಿಯಲ್ಲಿ. ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ, ತಂಗುದಾಣವೋ ಕಾಯ್ದಿರಿಸಲು ಬರುವುದಿಲ್ಲ. ಗಾಡಿಯ ಬಾಡಿಗೆ ದೃಢೀಕರಣ, ದಿನವಾರು ಮಾರ್ಗ, ಜೊತೆಗೆ ಕಾಯ್ದಿರಿಸಬಹುದಾದ ಕ್ಯಾಂಪಿಂಗ್ ತಾಣಗಳ ರಸೀದಿ ಇಡುವಂತೆ ನಾನು ಹೇಳುತ್ತೇನೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಲ್ಲೇ ಮಾಡಿಸಿ ತನ್ನಿ. ನಮ್ಮಲ್ಲಿ ಹಗುರ ವಾಹನ ಎಂದರೆ 7,500 ಕಿಲೋವರೆಗೆ, ಇಲ್ಲಿ ಸಾಮಾನ್ಯ ಕಾರಿನ ಪರವಾನಗಿ 3,500 ಕಿಲೋಗೆ ನಿಲ್ಲುತ್ತದೆ. ಅದರೊಳಗಿನ ಗಾಡಿಯನ್ನೇ ಹಿಡಿಯಿರಿ.

ಒಂದು ವಾರಕ್ಕೆ ಒಟ್ಟು ಎಷ್ಟಾದೀತು?

ಕಳೆದ ಸೆಪ್ಟೆಂಬರಿನ ನಮ್ಮ ಚೀಟಿಯನ್ನೇ ಇಳಿಸುತ್ತೇನೆ, ಇಬ್ಬರದು. ಮೊಸೆಲ್ ದಡದಲ್ಲಿ ಎರಡು ರಾತ್ರಿ 24 ಯೂರೊ, ಕರೆಂಟು 3, ನೀರು 1. ದ್ರಾಕ್ಷಿ ಬೆಳೆಗಾರರ ಅಂಗಳ ಒಂದು ರಾತ್ರಿ 10. ಫ್ರಾನ್ಸಿಗೆ ದಾಟಿ ಎರಡು ರಾತ್ರಿ 28, ತೆರಿಗೆ 2.40. ಪುಕ್ಕಟೆ ಹೊಲದಲ್ಲಿ ಒಂದು ರಾತ್ರಿ, ಅಲ್ಲಿ ಕೊಂಡ ಚೀಸ್ 18. ಬಟ್ಟೆ ಒಗೆಯಲೆಂದು ಕೊನೆಯ ರಾತ್ರಿ ಕ್ಯಾಂಪಿಂಗ್ ತಾಣ 41. ಚೀಸ್ ಬಿಟ್ಟರೆ 109 ಯೂರೊ 40 ಸೆಂಟ್. ಗಾಡಿ ನಿಮ್ಮದಲ್ಲದಿದ್ದರೆ ಬೇಸಿಗೆಯಲ್ಲಿ ದಿನಕ್ಕೆ ನೂರೈವತ್ತರ ಆಸುಪಾಸು ಬಾಡಿಗೆ ಸೇರಿಸಿ. ಆಗ ಹೋಟೆಲಿಗಿಂತ ಅಗ್ಗ ಎಂಬ ಮಾತನ್ನು ಬಿಟ್ಟುಬಿಡಿ.

ಫಲಕ ಓದಲು ಭಾಷೆ ಬರುವುದಿಲ್ಲ. ಯಾವ ಪದ ನೋಡಬೇಕು?

ಜರ್ಮನಿಯಲ್ಲಿ ‘ಹ್ಯೋಖ್‌ಸ್ಟ್‌ಪಾರ್ಕ್‌ಡಾವರ್’ ಎಂದರೆ ಗರಿಷ್ಠ ಅವಧಿ. ‘ಟಾಗೆ’ ದಿನಗಳು, ‘ನೆಖ್ಟೆ’ ರಾತ್ರಿಗಳು. ‘ಗೆಬ್ಯೂರ್’ ಶುಲ್ಕ. ಫ್ರಾನ್ಸಿನಲ್ಲಿ ‘ದ್ಯುರೆ ಮಾಕ್ಸಿಮಾಲ್’ ಗರಿಷ್ಠ ಅವಧಿ, ‘ನ್ವಿ’ ರಾತ್ರಿ, ‘ಗ್ರಾತ್ವಿ’ ಪುಕ್ಕಟೆ, ‘ಅಂತೆರ್ದಿ’ ನಿಷೇಧ. ಇಟಲಿಯಲ್ಲಿ ‘ಒರೆ’ ಗಂಟೆಗಳು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಫ್ರೆಂಚಿನ ‘ಸೋಫ್ ಜೂರ್ ದ ಮಾರ್ಶೆ’: ಸಂತೆಯ ದಿನ ಹೊರತು. ಆ ಸಾಲನ್ನು ನಾನು ಓದಿರಲಿಲ್ಲ. ಬೆಳಗಿನ ಜಾವ ಐದೂವರೆಗೆ ಯಾರೋ ಗಾಡಿಯ ಪಕ್ಕೆಗೆ ಅಂಗೈಯಿಂದ ಬಡಿದರು. ಪರದೆ ಸರಿಸಿದರೆ ಎಡಕ್ಕೆ ಮೀನಿನ ಗಾಡಿ, ಬಲಕ್ಕೆ ಕುಂಬಳಕಾಯಿಯ ರಾಶಿ, ಮುಂದೆ ಟೊಮೆಟೊ ಪೆಟ್ಟಿಗೆ ಹಿಡಿದ ಹೆಂಗಸು ನನ್ನ ಜಾಗ ಖಾಲಿಯಾಗಲೆಂದು ಕಾಯುತ್ತಿದ್ದಾಳೆ. ಲುಂಗಿಯಲ್ಲೇ ಇಳಿದು ಕ್ಷಮೆ ಕೇಳಿದೆ. ಅವಳು ಗಡಿಯಾರ ನೋಡಿ, ನಕ್ಕು, ಗಾಡಿ ಹಿಂದಕ್ಕೆ ತೆಗೆಯಲು ಕೈಸನ್ನೆ ಮಾಡಿ ದಾರಿ ತೋರಿಸಿದಳು. ಎರಡು ಕಿಲೋ ಟೊಮೆಟೊ ಕೊಂಡೆ, ಆ ದಿನ ತಿಳಿಸಾರಾಯಿತು.